ಪೂಜೆ ಮುಗಿಯದ ಸ್ಕ್ರೂಡ್ರೈವರ್

ಕೀತ್ ಫೋನ್ ಮಾಡಿದಾಗ ನಾನು ಒಗ್ಗರಣೆಗೆ ಸಾಸಿವೆ ಹಾಕಿದ್ದೆ. ಅವನು ತಾನಾಗಿ ಫೋನ್ ಮಾಡುವ ಪೈಕಿ ಅಲ್ಲ. "ಗ್ಯಾಫರ್ ಹೋಗಿಬಿಟ್ರು. ನಿದ್ದೆಯಲ್ಲೇ" ಅಂದ. ನಾನು "ಹೌದಾ?" ಅಂದೆ. ಅಷ್ಟರಲ್ಲಿ ಸಾಸಿವೆ ಸೀದು ಹೊಗೆಯಾಗಿ ಸ್ಮೋಕ್ ಅಲಾರ್ಮ್ ಕಿರುಚಿಕೊಂಡಿತು. ಸ್ಟೂಲ್ ಹತ್ತಿ ಟವೆಲ್ ಬೀಸುತ್ತಾ ನಿಂತವಳಿಗೆ ಅಳು ಬರ್ತಿದೆಯೋ, ಕಣ್ಣಿಗೆ ಹೊಗೆ ಹೋಗಿದೆಯೋ ಅನ್ನೋದೇ ಗೊತ್ತಾಗಲಿಲ್ಲ. ಆ ಮನುಷ್ಯನ ವಿಷಯದಲ್ಲಿ ನನ್ನ ಗತಿ ಯಾವಾಗಲೂ ಇದೇ.

ಸತ್ತವರ ಬಗ್ಗೆ ನಾಲ್ಕು ಒಳ್ಳೆ ಮಾತು ಬರೆಯಬೇಕು. ಬರೆಯೋಣ ಅಂತ ಕೂತರೆ ನನಗೆ ಬರೋದೆಲ್ಲ ಬರೀ ಪ್ರಶ್ನೆ. ಅವರು ಒಳ್ಳೆಯವರಾ? ಹೌದಪ್ಪ, ಒಳ್ಳೆಯವರೇ. ತಮಾಷೆ ಮಾಡ್ತಿದ್ರಾ, ನಿಜವಾಗಿ ಹೇಳ್ತಿದ್ರಾ? ಅದು ಮಾತ್ರ ಆ ತಿಮ್ಮಪ್ಪನಿಗೇ ಗೊತ್ತು.

ಗ್ಯಾಫರ್ ಅಂದರೆ ಈ ಕಡೆಯ ಮಾತಿನಲ್ಲಿ ಯಜಮಾನ. ಅವರಿಗೊಂದು ಹೆಸರೂ ಇತ್ತು, ಆದರೆ ಆ ಷೆಡ್ಡಿನಲ್ಲಿ ಅದನ್ನು ಯಾರೂ ಬಳಸಿದ್ದು ನಾನು ಕೇಳಿಲ್ಲ. ಲಫ್‌ಬರೋದಿಂದ ಸ್ವಲ್ಪ ಆಚೆ, ಹಿಂದೆ ಕಾಲುಚೀಲ ನೇಯುತ್ತಿದ್ದ ಒಂದು ಕಾರ್ಖಾನೆಯ ಹಿತ್ತಲಲ್ಲಿ ಅವರ ಷೆಡ್ಡು. ಅಲ್ಲಿ ಅವರು ಸ್ಪೋರ್ಟ್ಸ್ ಕಾರು ಮಾಡುತ್ತಿದ್ದರು. ಇಬ್ಬರಷ್ಟೇ ಕೂರಬಹುದಾದ, ಮೇಲೆ ಚಾವಣಿ ಇಲ್ಲದ, ನೆಲಕ್ಕೆ ಅಂಟಿಕೊಂಡಂತಿರುವ ಪುಟ್ಟ ಕಾರು. ವರ್ಷಕ್ಕೆ ನಾಲ್ಕೋ ಐದೋ ಆಗುತ್ತಿದ್ದವು, ಅಷ್ಟೇ. ಉಳಿದ ಹೊತ್ತಿನಲ್ಲಿ ಬೇರೆಯವರ ಹಳೇ ಕಾರುಗಳನ್ನು ಟ್ಯೂನ್ ಮಾಡಿಕೊಡುತ್ತಿದ್ದರು. ಮ್ಯಾಂಚೆಸ್ಟರ್, ಲೀಡ್ಸ್ ಕಡೆಯಿಂದೆಲ್ಲ ಟ್ರೇಲರ್ ಮೇಲೆ ಹೊತ್ತುಕೊಂಡು ಬರೋರು. ಷೆಡ್ಡಿನಲ್ಲಿ ಗ್ಯಾಫರ್, ಮುಖ್ಯ ಮೆಕ್ಯಾನಿಕ್ ಕೀತ್, ಆಫೀಸಿಗೆ ನಾನು. ಬಣ್ಣ ಹೊಡೆಯಲು ಬೇಕಾದಾಗ ಒಬ್ಬ ಬಂದು ಹೋಗುತ್ತಿದ್ದ.

ನಾನು ಅಲ್ಲಿಗೆ ಸೇರಿದ್ದೇ ಒಂದು ಕತೆ. ನಮ್ಮೆಜಮಾನ್ರು ಯೂನಿವರ್ಸಿಟಿ ಲ್ಯಾಬ್‌ನಲ್ಲಿದ್ದಾರೆ. "ಮನೇಲಿ ಕೂತು ನನ್ನ ತಲೆ ತಿನ್ನೋ ಬದಲು ಎಲ್ಲಾದ್ರೂ ಕೆಲಸ ನೋಡ್ಕೋ" ಅಂದರು. ಲೈಬ್ರರಿಯ ಗೋಡೆ ಮೇಲೆ ಚೀಟಿ ನೋಡಿ, ದಾವಣಗೆರೆಯ ಬಿ.ಕಾಂ. ಸರ್ಟಿಫಿಕೇಟು ಕಂಕುಳಲ್ಲಿಟ್ಟುಕೊಂಡು ಹೋದೆ. ಗ್ಯಾಫರ್ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಒಂದು ಕಾರು ತೋರಿಸಿ "ಕೂತ್ಕೋ" ಅಂದರು.

ಕೂತೆ. ಕೂತೆ ಅನ್ನೋದಕ್ಕಿಂತ ಬಿದ್ದೆ ಅನ್ನಬೇಕು. ಸೀಟು ಅಷ್ಟು ಕೆಳಗಿತ್ತು.

"ಈಗ ಇಳಿ."

ಅದೇ ಆಗಲಿಲ್ಲ! ಒಂದು ಕಾಲು ಹೊರಗೆ ಹಾಕಿದೆ, ಇನ್ನೊಂದು ಬರಲಿಲ್ಲ. ಕೊನೆಗೆ ಎರಡೂ ಕೈ ಸಿಮೆಂಟಿನ ಮೇಲೆ ಊರಿ, ಮಗುವಿನ ಹಾಗೆ ಅಂಬೆಗಾಲಿಟ್ಟು ಹೊರಗೆ ಬಂದೆ. ದುಪಟ್ಟಾ ಗೇರ್‌ಗೆ ಸಿಕ್ಕಿಹಾಕಿಕೊಂಡು ಒಳಗೇ ಉಳಿಯಿತು. ಮೂವತ್ತೆಂಟು ವರ್ಷದ ಹೆಂಗಸು, ಇಂಟರ್‌ವ್ಯೂಗೆ ಅಂತ ಇಸ್ತ್ರಿ ಮಾಡಿದ ಚೂಡಿದಾರ್ ಹಾಕಿಕೊಂಡು, ನಾಲ್ಕು ಕಾಲಲ್ಲಿ! ನನಗೇ ನಗು ತಡೆಯಲಾಗಲಿಲ್ಲ. ನೆಲದ ಮೇಲೆ ಕೂತು ನಕ್ಕೆ. ಅವರು ನಗಲಿಲ್ಲ. "ಸೋಮವಾರ ಬಾ, ಮಿ ಡಕ್" ಅಂದು ಒಳಗೆ ಹೋದರು. ಈ ಭಾಗದಲ್ಲಿ ಎಲ್ಲರಿಗೂ 'ಮಿ ಡಕ್' ಅನ್ನುತ್ತಾರೆ, ನಮ್ಮಲ್ಲಿ ಏನಮ್ಮ, ಏನಪ್ಪ ಅಂದ ಹಾಗೆ. ನನಗಿನ್ನೂ ಗೊತ್ತಿರಲಿಲ್ಲ. ಈ ಮುದುಕ ನನ್ನನ್ನು ಬಾತುಕೋಳಿ ಅಂದನಲ್ಲ ಅಂತ ಬಸ್ಸಿನಲ್ಲಿ ಉದ್ದಕ್ಕೂ ಉರ್ಕೊಂಡು ಬಂದೆ.

ಆಮೇಲೆ ಕೀತ್ ಹೇಳಿದ. ಗಿರಾಕಿಗಳಿಗೂ ಇದೇ ಪರೀಕ್ಷೆಯಂತೆ. ಕಾರು ಕೇಳಿಕೊಂಡು ಬಂದವರನ್ನು ಕೂರಿಸಿ ಇಳಿಸುತ್ತಾರೆ. ಇಳಿಯುವಾಗ ನಕ್ಕವರಿಗೆ ಕಾರು ಉಂಟು, ಕಾರನ್ನು ಬೈದವರಿಗೆ ಇಲ್ಲ. ನನ್ನ ಕಣ್ಣೆದುರೇ ಒಬ್ಬ ಸೂಟು ಬೂಟಿನವನು ಪ್ಯಾಂಟಿನ ಧೂಳು ಕೊಡವುತ್ತಾ ಗೊಣಗಿದ್ದಕ್ಕೆ ಅವನನ್ನು ಹಾಗೇ ಕಳಿಸಿಬಿಟ್ಟರು. ಬಂದ ವ್ಯಾಪಾರಕ್ಕೆ ಬಾಗಿಲು ಹಾಕೋದು ಯಾವ ಸೀಮೆ ವ್ಯಾಪಾರ ಅಂತ ಕೇಳಿದೆ.

"ಅವನಿಗೆ ಕಾರು ಬೇಡ. ಅದರ ಪಕ್ಕ ನಿಂತ ಫೋಟೋ ಸಾಕು" ಅಂದರು.

"ನಿಮಗೆ ಹ್ಯಾಗೆ ಗೊತ್ತು?"

"ಗೊತ್ತಿಲ್ಲ" ಅಂದರು, ಅಷ್ಟೇ ಗಂಭೀರವಾಗಿ. ಇಂಥ ಮನುಷ್ಯನ ಹತ್ತಿರ ಏನಂತ ವಾದ ಮಾಡೋದು ಹೇಳಿ.

ಇನ್ನೊಂದು ಕೇಳಿ. ಗಾಳಿಯ ಹಾಗೆ ಓಡುವ ಕಾರು ಮಾಡುವ ಈ ಮಹಾರಾಯರು ಓಡಿಸುತ್ತಿದ್ದದ್ದು ಮಾತ್ರ ಒಂದು ಬಿಳೀ ಡಕೋಟ ವ್ಯಾನು. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗಬೇಕು, ಇವರು ಎತ್ತಿನ ಗಾಡಿಯ ವೇಗ ಬಿಡೋರಲ್ಲ. "ಅವಸರ ಇದ್ದೋರು ಮೊದಲೇ ಹೊರಡಲಿ" ಅನ್ನೋರು. ತಾವು ಮಾಡಿದ ಕಾರು ಒಂದನ್ನೂ ಮನೆಯಲ್ಲಿ ಇಟ್ಟುಕೊಂಡಿರಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ "ಮಿಠಾಯಿ ಮಾಡೋನು ದಿನಾ ಮಿಠಾಯಿ ತಿಂತಾನಾ?" ಅಂತ ನನ್ನನ್ನೇ ಕೇಳಿದರು. ನಮ್ಮೂರಿನ ಬೆಣ್ಣೆದೋಸೆ ಭಟ್ಟರು ದಿನಾ ದೋಸೆ ತಿಂತಾರೆ ಅಂದೆ. ಅದಕ್ಕೆ ಅವರು ಸ್ಪ್ಯಾನರು ಎತ್ತಿಕೊಂಡು ಬಾನೆಟ್ಟಿನೊಳಗೆ ತಲೆ ತೂರಿಸಿದರು.

ಆ ಷೆಡ್ಡಿನಲ್ಲಿ ಎಲ್ಲರೂ ಒಪ್ಪಿಕೊಂಡ ಒಂದು ನಿಯಮವಿತ್ತು. ಕಾರು ಪೂರ್ತಿ ಮಾಡೋದು ಕೀತ್ ಇರಬಹುದು, ಬಣ್ಣದವನಿರಬಹುದು. ಆದರೆ ಕಟ್ಟಕಡೆಯ ಟ್ಯೂನಿಂಗ್ ಗ್ಯಾಫರ್ ಕೈಯಿಂದಲೇ ಆಗಬೇಕು. ಅದಾಗದೆ ಕಾರು ಬಾಗಿಲು ದಾಟುವ ಹಾಗಿಲ್ಲ. ಈಗಿನ ಕಾರುಗಳಲ್ಲಿ ಅದನ್ನೆಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಇವರು ಹಾಕುತ್ತಿದ್ದದ್ದು ಹಳೇ ನಮೂನೆಯ ಎಂಜಿನ್, ಅದಕ್ಕೆ ಎರಡು ಕಾರ್ಬ್ಯುರೇಟರ್. ಎರಡೂ ಒಂದೇ ಸಮ ಗಾಳಿ ಎಳೆಯಬೇಕಂತೆ. ಗ್ಯಾಫರ್ ರೇಡಿಯೋ ಆರಿಸಿ, ನಮ್ಮ ಬಾಯಿ ಮುಚ್ಚಿಸಿ, ಒಂದು ರಬ್ಬರ್ ಪೈಪಿನ ತುದಿ ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಒಮ್ಮೆ ಈ ಕಾರ್ಬ್ಯುರೇಟರ್ ಬಾಯಿಗೆ, ಒಮ್ಮೆ ಆ ಕಾರ್ಬ್ಯುರೇಟರ್ ಬಾಯಿಗೆ ಹಿಡಿದು ಬುಸುಗುಟ್ಟುವ ಸದ್ದು ಕೇಳುವರು. ಕೈಯಲ್ಲಿ ಮರದ ಹಿಡಿಯ ಪುಟ್ಟ ಸ್ಕ್ರೂಡ್ರೈವರ್. ತಿರುಗಿಸಿದ್ದೇ ಕಾಣದಷ್ಟು ತಿರುಗಿಸುವರು. ಕೇಳುವರು. ಮತ್ತೆ ಒಂದು ಎಳೆಯಷ್ಟು. ಆಮೇಲೆ ತಲೆ ಒಮ್ಮೆ ಆಡಿಸಿದರೆ ಮುಗಿಯಿತು, ಗಿರಾಕಿಗೆ ಫೋನ್ ಮಾಡು ಅಂತ ನನಗೆ ಅರ್ಥ. ಆ ಸ್ಕ್ರೂಡ್ರೈವರಿನ ಹಿಡಿ ಅವರ ಅಂಗೈ ತಾಗಿ ತಾಗಿ ಸವೆದು ಹೊಳೆಯುತ್ತಿತ್ತು. ಕೀತ್ ಕೂಡ ಅದನ್ನು ಮುಟ್ಟುತ್ತಿರಲಿಲ್ಲ.

ಈ ಸ್ಕ್ರೂಡ್ರೈವರಿಗೆ ಮೊದಲು ಕುಂಕುಮ ಹಚ್ಚಿದವಳು ನಾನೇ.

ನಾನು ಸೇರಿದ ವರ್ಷ ಆಯುಧಪೂಜೆ ಬಂತು. ಇಷ್ಟೊಂದು ಸಾಮಾನು ಇರೋ ಜಾಗದಲ್ಲಿ ಪೂಜೆ ಇಲ್ಲ ಅಂದರೆ ನನಗೆ ಕೈಕಾಲು ಆಡಲಿಲ್ಲ. ಕೇಳಿದೆ. "ಮಾಡು" ಅಂದರು. ಬೆಂಚಿನ ಮೇಲೆ ಸ್ಪ್ಯಾನರು, ಸುತ್ತಿಗೆ, ಇಕ್ಕಳ ಎಲ್ಲ ಸಾಲಾಗಿ ಇಟ್ಟು ಅರಿಸಿನ ಕುಂಕುಮ ಹಚ್ಚಿದೆ. ಸೂಪರ್‌ಮಾರ್ಕೆಟ್ಟಿನ ಸೇವಂತಿಗೆ ಇಟ್ಟೆ. ನಿಂತಿದ್ದ ಕಾರಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಡಲು ನೆಲಕ್ಕೆ ಕೆನ್ನೆ ತಾಗಿಸಿ ಮಲಗಬೇಕಾಯಿತು. ಗ್ಯಾಫರ್ ಕೈಕಟ್ಟಿ ನಿಂತು ಎಲ್ಲ ನೋಡಿದರು. "ಇವತ್ತು ಇವನ್ನ ಮುಟ್ಟಬಾರದು. ವರ್ಷವೆಲ್ಲ ದುಡಿದಿವೆ, ಇವತ್ತು ಅವಕ್ಕೆ ವಿಶ್ರಾಂತಿ. ನಾಳೆ ಕೈಮುಗಿದು ಎತ್ತಿಕೊಂಡು ಕೆಲಸ ಶುರು ಮಾಡಬೇಕು" ಅಂತ ಹೇಳಿದೆ.

ನಾನು ಹೇಳಿದ್ದು ಬಾಯಿಮಾತಿಗೆ. ನಮ್ಮಲ್ಲಿ ಎಷ್ಟು ಜನ ಪೂಜೆ ಮುಗಿದ ಅರ್ಧ ಗಂಟೆಗೇ ಗಾಡಿ ಎತ್ತಿಕೊಂಡು ಹೋಗಲ್ಲ? ಇವರು ಅದನ್ನೇ ಗಟ್ಟಿಯಾಗಿ ಹಿಡಿದುಬಿಟ್ಟರು. ಮಧ್ಯಾಹ್ನ ಒಬ್ಬ ಗಿರಾಕಿ ಬಂದು, ಒಂದೇ ಒಂದು ಬೋಲ್ಟು ಬಿಗಿ ಮಾಡಿಕೊಡಿ, ಹೊರಡಬೇಕು ಅಂದ. "ಸಾಮಾನೆಲ್ಲ ರಜೆಯಲ್ಲಿವೆ. ಏನಿದ್ದರೂ ಈಕೆಯನ್ನ ಕೇಳು" ಅಂತ ನನ್ನ ಕಡೆ ಬೊಟ್ಟು ಮಾಡಿದರು! ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ಪರವಾಗಿಲ್ಲ ಮಾಡಿಕೊಡಿ ಅಂದರೂ ಕೇಳಲಿಲ್ಲ. ಅವನು ಬೈಕೊಂಡು ಟ್ರೇನಿನಲ್ಲಿ ಹೋದ. ನನ್ನನ್ನು ಆಡಿಕೊಳ್ಳುತ್ತಿದ್ದಾರಾ ಅಂತ ಅವರ ಮುಖ ಎಷ್ಟು ನೋಡಿದರೂ ಗೊತ್ತಾಗಲಿಲ್ಲ.

ಸಂಜೆ ಹೊರಡುವ ಮುಂಚೆ ಬೆಂಚಿನ ಹತ್ತಿರ ಬಂದು, ಸ್ಪ್ಯಾನರುಗಳ ಪಕ್ಕದಲ್ಲಿ ತಮ್ಮ ಎರಡೂ ಕೈ ಚಾಚಿ ಇಟ್ಟರು. "ಇವಕ್ಕೆ?" ಅಂದರು.

"ಮನುಷ್ಯರಿಗೆಲ್ಲ ಹಚ್ಚೋದಿಲ್ಲ, ತೆಗೀರಿ" ಅಂತ ನಕ್ಕೆ. ತೆಗೆದರು. ಆಮೇಲಿನ ವರ್ಷಗಳಲ್ಲೂ ಆಯುಧಪೂಜೆ ತಪ್ಪಲಿಲ್ಲ. ಕೈ ವಿಷಯ ಮಾತ್ರ ಮತ್ತೆ ಎತ್ತಲಿಲ್ಲ.

ಇನ್ನು ಪಾಟೀಲ್ ಡಾಕ್ಟ್ರು. ಧಾರವಾಡದವರು, ಸೊಲಿಹಲ್‌ನಲ್ಲಿ ಮನೆ. ಇಡೀ ಜೀವನ ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದವರು. ನಮಗೆ ಟಿವಿಡೇಲ್ ಬಾಲಾಜಿ ಗುಡಿಯಲ್ಲಿ ಪರಿಚಯ. ನಾನು ಕೆಲಸ ಮಾಡೋ ಜಾಗ ಯಾವುದು ಅಂತ ಗೊತ್ತಾದ ದಿನ ಪ್ರಸಾದದ ಪುಳಿಯೋಗರೆ ಕೈಯಲ್ಲೇ ಹಿಡಿದುಕೊಂಡು ಅರ್ಧ ಗಂಟೆ ಕಾರಿನ ಮಾತೇ ಆಡಿದರು. ಹುಡುಗನಾಗಿದ್ದಾಗಿನಿಂದ ಅಂಥದೊಂದರ ಆಸೆಯಂತೆ. ಮಕ್ಕಳ ಓದು, ಮನೆ, ಮಾರ್ಟ್‌ಗೇಜ್ ಅಂತ ಆಗಲೇ ಇಲ್ಲ. ಈಗ ರಿಟೈರ್ ಆಗುತ್ತಿದ್ದಾರೆ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲು ಈ ಗುಡಿಗೇ ಬರಬೇಕು, ಆಮೇಲೆ ಸ್ಕಾಟ್ಲೆಂಡ್ ತನಕ ಹೋಗಬೇಕು. ಆದರೆ ಒಂದು ತೊಡಕು. ಮೇಡಮ್ಮಿಗೆ ಮೊಣಕಾಲು ಸವೆದಿದೆ, ಏಪ್ರಿಲ್‌ನಲ್ಲಿ ಆಪರೇಷನ್. ಅದಾದ ಮೇಲೆ ಅಷ್ಟು ತಗ್ಗಿನ ಕಾರಿಗೆ ಇಳಿಯೋದು ಹತ್ತೋದು ಆಗದ ಮಾತು. ಹಾಗಾಗಿ ಕಾರು ಏಪ್ರಿಲ್ ಒಳಗೇ ಬರಬೇಕು.

"ನಾನು ಮಾಡಿಸಿಕೊಡ್ತೀನಿ ಡಾಕ್ಟ್ರೇ" ಅಂತ ಮಾತು ಕೊಟ್ಟೆ.

ಡಾಕ್ಟ್ರು ಷೆಡ್ಡಿಗೆ ಬಂದರು. ಗ್ಯಾಫರ್ ಜೇಬಿನಿಂದ ಕೈ ತೆಗೆದು ಮುಂದೆ ಚಾಚಿದರು. ಡಾಕ್ಟ್ರು ಆ ಕೈಯನ್ನು ತುಸು ಹೆಚ್ಚೇ ಹೊತ್ತು ಹಿಡಿದುಕೊಂಡಿದ್ದು ನನಗೆ ನೆನಪಿದೆ. ಆಸೆ ಹೆಚ್ಚಾಗಿ ಹಾಗೆ ಅಂದುಕೊಂಡೆ. ಕಾರಿಗೆ ಇಳಿದರು. ಹೊರಗೆ ಬರುವಾಗ ಸೊಂಟ ಹಿಡಿದುಕೊಂಡು "ಯಪ್ಪಾ!" ಅಂತ ಕೂಗಿ ಹೋ ಅಂತ ನಕ್ಕರು. ಗ್ಯಾಫರ್ ನನ್ನ ಕಡೆ ನೋಡಿ ತಲೆ ಆಡಿಸಿದರು. ಕಾರು ಖಾತ್ರಿಯಾಯಿತು.

ಕಡು ಹಸಿರು ಬಣ್ಣ. ನವರಾತ್ರಿಯ ಹೊತ್ತಿಗೆ ಎಲ್ಲ ಮುಗಿದು, ಕೊನೆಯ ಟ್ಯೂನಿಂಗ್ ಒಂದು ಬಾಕಿ. ಪೂಜೆ ಮಾಡಿದೆ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ. ಮರುದಿನ ವಿಜಯದಶಮಿ, ಉಳಿದವರು ತಮ್ಮ ತಮ್ಮ ಸಾಮಾನು ಎತ್ತಿಕೊಂಡರು. ಗ್ಯಾಫರ್ ತಮ್ಮವನ್ನು ಮುಟ್ಟಲಿಲ್ಲ. ನಾಲ್ಕು ಸ್ಪ್ಯಾನರು, ಆ ಮರದ ಹಿಡಿಯ ಸ್ಕ್ರೂಡ್ರೈವರು, ಕುಂಕುಮದ ಸಮೇತ ಇಟ್ಟಲ್ಲೇ ಇದ್ದವು.

"ಪೂಜೆ ನಿನ್ನೆಗೇ ಮುಗೀತು" ಅಂದೆ.

"ನನ್ನವಕ್ಕೆ ಇನ್ನೂ ಸ್ವಲ್ಪ ವಿಶ್ರಾಂತಿ ಬೇಕು" ಅಂದರು.

ಸರಿ, ಒಂದೆರಡು ದಿನ ಅಂದುಕೊಂಡೆ. ದೀಪಾವಳಿ ಬಂತು. ಸೇವಂತಿಗೆ ಒಣಗಿ ಪುಡಿಯಾಯಿತು. ಕೇಳಿದವರಿಗೆಲ್ಲ ಗ್ಯಾಫರದು ಒಂದೇ ಉತ್ತರ: "ಪೂಜೆ ನಡೀತಿದೆ." ಬೇರೆ ಕಾರು ಟ್ಯೂನ್ ಮಾಡಿಸಲು ಬಂದವರಿಗೂ ಅದೇ. ನನಗೆ ತಲೆಬುಡ ಅರ್ಥವಾಗಲಿಲ್ಲ. ಭಕ್ತಿ ಬಂತಾ? ಭಾನುವಾರ ಚರ್ಚಿಗೂ ಹೋಗದ ಆಸಾಮಿಗೆ ಇದೆಲ್ಲಿಂದ ಭಕ್ತಿ? ಹಾಗಾದರೆ ನನ್ನ ದೇವರನ್ನು ಆಡಿಕೊಳ್ಳುತ್ತಿದ್ದಾರಾ? ಅದೂ ಅನ್ನಿಸುತ್ತಿರಲಿಲ್ಲ, ಯಾಕೆಂದರೆ ಧೂಳು ಒರೆಸುವಾಗ ಕುಂಕುಮ ಅಳಿಸದ ಹಾಗೆ ಸುತ್ತ ಒರೆಸು ಅಂತ ಬಣ್ಣದವನಿಗೆ ಅವರೇ ಹೇಳಿದ್ದನ್ನು ಕೇಳಿದ್ದೆ.

ಆ ಚಳಿಗಾಲದಲ್ಲಿ ಅವರ ಎಲ್ಲ ನಡತೆಯೂ ವಿಚಿತ್ರವಾಗಿತ್ತು. ಅಷ್ಟು ಇಷ್ಟಪಟ್ಟು ಕುಡೀತಿದ್ದ ನನ್ನ ಶುಂಠಿ ಟೀಯನ್ನು "ಅರ್ಧ ಕಪ್ ಸಾಕು" ಅನ್ನತೊಡಗಿದರು. ಟೀ ಕೆಟ್ಟಿದೆ ಅಂತ ನಾನು ಏಲಕ್ಕಿ ಹಾಕಿದೆ, ಹಾಲು ಜಾಸ್ತಿ ಮಾಡಿದೆ. ಆಗಲೂ ಅರ್ಧ ಕಪ್ಪೇ. ಸಹಿ ಹಾಕಬೇಕಾದ ಕಾಗದ ಕೊಟ್ಟರೆ ಮನೆಗೆ ತೆಗೆದುಕೊಂಡು ಹೋಗುವರು. ವ್ಯಾನು ಓಡಿಸುವುದನ್ನೂ ಬಿಟ್ಟರು, ಕೀತ್ ಕರೆತಂದು ಬಿಡುತ್ತಿದ್ದ. ಯಾವಾಗ ನೋಡಿದರೂ ಕೈ ಜೇಬಿನಲ್ಲಿ. ಚಳಿ ಅಂದುಕೊಂಡೆ. ನಾನೊಬ್ಬಳು ಪೆದ್ದಿ.

ನನಗೆ ಹೆಚ್ಚು ಗೊಂದಲ ಮಾಡಿದ್ದು ಪಾಟೀಲ್ ಡಾಕ್ಟ್ರು. ಕಾರು ತಡವಾಗುತ್ತಿದೆ ಅಂತ ಹೇಳಲು ಫೋನ್ ಮಾಡಿದಾಗಲೆಲ್ಲ ಬೈಸಿಕೊಳ್ಳಲು ಸಿದ್ಧವಾಗಿ ಮಾಡುತ್ತಿದ್ದೆ. ಅವರು, "ಇರ್ಲಿ ಬಿಡ ತಂಗಿ. ಅವ್ರಿಗೆ ಯಾವಾಗ ಅನಸ್ತೈತೋ ಆವಾಗ ಮಾಡ್ಲಿ" ಅನ್ನೋರು.

"ಮೇಡಮ್ ಮೊಣಕಾಲು ಡಾಕ್ಟ್ರೇ? ಏಪ್ರಿಲ್?"

"ಗೊತ್ತೈತಿ. ನೀ ಅವ್ರನ್ನ ಅವಸರ ಮಾಡಬ್ಯಾಡ."

ಅವರ ಕಾರು, ಅವರ ಹೆಂಡತಿ, ಅವರ ಏಪ್ರಿಲ್. ಅವರಿಗಿಲ್ಲದ ಅವಸರ ನನಗೆ! ಮಾತು ಕೊಟ್ಟವಳು ನಾನಲ್ಲವಾ? ಗುಡಿಯಲ್ಲಿ ಮೇಡಮ್ಮನ್ನು ಕಂಡರೆ ಕಂಬದ ಮರೆಗೆ ಸರಿಯೋ ಹಾಗಾಗಿತ್ತು.

ಸಂಕ್ರಾಂತಿ ಬಂತು. ಎಳ್ಳುಬೆಲ್ಲದ ಡಬ್ಬಿ ಹಿಡಿದುಕೊಂಡು ಷೆಡ್ಡಿಗೆ ಹೋದೆ. ಹಸಿರು ಕಾರಿನ ಮೇಲೆ ಬಟ್ಟೆ ಹೊದಿಸಿತ್ತು. ಕೆಳಗೆ ಇಣುಕಿದರೆ ನಾನಿಟ್ಟ ನಿಂಬೆಹಣ್ಣು ಕಪ್ಪಗೆ ಒಣಗಿ ಚಕ್ರದ ಮುಂದೆ ಹಾಗೇ ಇತ್ತು. ನನಗೆ ಪಿತ್ತ ನೆತ್ತಿಗೇರಿತು. ಎಳ್ಳುಬೆಲ್ಲ ಕೊಟ್ಟು ಒಳ್ಳೆ ಮಾತಾಡಬೇಕಾದ ದಿನ, ಡಬ್ಬಿಯನ್ನು ಬೆಂಚಿನ ಮೇಲೆ ಕುಕ್ಕಿ ಶುರು ಮಾಡಿದೆ.

"ಏನ್ ಗ್ಯಾಫರ್, ನಮ್ಮ ಪೂಜೆ ನಿಮಗೆ ಆಟವಾ? ಮೂರು ತಿಂಗಳು ಪೂಜೆ ಮಾಡೋದು ಯಾವ ಶಾಸ್ತ್ರದಲ್ಲೂ ಇಲ್ಲ. ಒಂದು ದಿನ ಇಟ್ಟು ಮರುದಿನ ಎತ್ತಿಕೊಳ್ಳಬೇಕು. ಮತ್ತೆ ಎತ್ತಿಕೊಳ್ಳೋದಕ್ಕೇ ಪೂಜೆ ಮಾಡೋದು! ಎತ್ತದೆ ಇದ್ದರೆ ಅದು ಪೂಜೆ ಅಲ್ಲ, ಸೋಮಾರಿತನ. ಅಲ್ಲಿ ಆ ಹೆಂಗಸು ಕುಂಟ್ಕೊಂಡು ಕಾಯ್ತಿದ್ದಾರೆ."

ಕೀತ್ ಮಾಡುತ್ತಿದ್ದ ಕೆಲಸ ನಿಲ್ಲಿಸಿದ. ಗ್ಯಾಫರ್ ಜೇಬಿನಿಂದ ಬಲಗೈ ತೆಗೆದು ಮುಂದೆ ಹಿಡಿದರು.

ಅದು ನಡುಗುತ್ತಿತ್ತು. ಚಳಿಯ ನಡುಕ ಅಲ್ಲ. ಹೆಬ್ಬೆರಳು ಬೆರಳುಗಳ ಮೇಲೆ ಏನನ್ನೋ ಹೊಸಕುವಂತೆ, ನಿಲ್ಲದೆ, ತನ್ನಷ್ಟಕ್ಕೆ ತಾನೇ. ಅದನ್ನು ನಿಲ್ಲಿಸಲು ಅವರು ಪ್ರಯತ್ನ ಪಡುತ್ತಿದ್ದದ್ದು ಅವರ ತೋಳಿನಲ್ಲಿ ಕಾಣುತ್ತಿತ್ತು.

"ಒಂದು ಎಳೆಯಷ್ಟು ತಿರುಗಿಸಬೇಕು ಮಿ ಡಕ್. ಇದು ಮೂರು ಸುತ್ತು ತಿರುಗಿಸುತ್ತೆ" ಅಂದರು. ಆಮೇಲೆ, "ಮತ್ತೆ ಎತ್ತಿಕೊಳ್ಳೋಕೆ ಆಗದೆ ಇದ್ದವರು ನಿಮ್ಮಲ್ಲಿ ಏನು ಮಾಡ್ತಾರೆ?" ಅಂತ ಕೇಳಿದರು. ನಿಜವಾಗಿಯೂ ತಿಳಿದುಕೊಳ್ಳೋಕೆ ಕೇಳಿದ ಹಾಗಿತ್ತು.

ಯಾರಿಗೆ ಗೊತ್ತಿರುತ್ತೆ? ಡಬ್ಬಿ ತೆರೆದು ಅವರ ಎಡಗೈಗೆ ಒಂದು ಚಮಚ ಎಳ್ಳುಬೆಲ್ಲ ಹಾಕಿದೆ. ಅವರು ಅದನ್ನು ಬಾಯಿಗೆ ಹಾಕಿಕೊಂಡು ಕೊಬ್ಬರಿ ಚೂರು ಅಗಿಯುತ್ತಾ ಕಿಟಕಿಯ ಕಡೆ ನೋಡಿದರು.

ಅವರು ಆಚೆ ಹೋದ ಮೇಲೆ ಕೀತ್‌ನನ್ನು ಹಿಡಿದುಕೊಂಡೆ. "ನಿನಗೆ ಗೊತ್ತಿತ್ತಾ?" ಗೊತ್ತಿತ್ತು. "ನೀನೇ ಮಾಡಿ ಮುಗಿಸಬಹುದಿತ್ತಲ್ಲೋ?" ಅಂದೆ. "ಮಾಡು ಅಂತ ಅವರು ನನ್ನನ್ನ ಕೇಳಲಿಲ್ಲ" ಅಂದ. ಕೇಳದೆ ಹೇಗೆ ಮಾಡಲಿ ಅನ್ನೋ ಹಾಗೆ ನನ್ನನ್ನು ನೋಡಿದ. ಪಾಟೀಲ್ ಡಾಕ್ಟ್ರಿಗೆ ಫೋನ್ ಮಾಡಿದೆ. ಅವರೂ ಹಾಗೇ!

"ಮೊದಲ್ನೇ ದಿನಾ ಕೈ ಹಿಡದಾಗ್ಲೇ ಗೊತ್ತಾತು" ಅಂದರು.

"ಒಂದು ಮಾತು ಹೇಳಬಾರದಾ ಡಾಕ್ಟ್ರೇ?"

"ನಾ ಅವ್ರ ಹತ್ರ ಕಾರ್ ಕೇಳಾಕ ಹೋಗಿದ್ದೆ ತಂಗಿ. ಅವ್ರೇನ್ ನನಗ ತೋರ್ಸಾಕ ಬಂದಿರ್ಲಿಲ್ಲಲ್ಲ."

ಎಲ್ಲರಿಗೂ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ಎಲ್ಲರೂ ಸುಮ್ಮನಿದ್ದರು, ನಾನೊಬ್ಬಳು ಮೂರು ತಿಂಗಳು ಏಲಕ್ಕಿ ಹಾಕುತ್ತಾ ಕೂತಿದ್ದೆ. ಯಾರ ಮೇಲೆ ಸಿಟ್ಟು ಮಾಡಬೇಕೋ ಅದೂ ಗೊತ್ತಾಗಲಿಲ್ಲ. ಡಾಕ್ಟ್ರು, "ಈಗ ಅವ್ರಾಗೇ ತೋರಿಸ್ಯಾರಂದ್ರ ನಾ ಬರಬಹುದು. ಶನಿವಾರ ಬರ್ತೀನಿ" ಅಂದರು.

ಬಂದರು. ಜೊತೆಗೆ ಮೇಡಮ್ಮೂ ಬಂದರು, ಕೋಲು ಹಿಡಿದುಕೊಂಡು. ಡಾಕ್ಟ್ರು ಕೋಟು ಬಿಚ್ಚಿ, ಷರ್ಟಿನ ತೋಳು ಮಡಚಿ, ಸಿಂಕಿನಲ್ಲಿ ಮೊಣಕೈ ತನಕ ಕೈ ತೊಳೆದರು. ಅಭ್ಯಾಸಬಲ. ಎರಡೂ ಕೈ ಎದೆ ಎತ್ತರಕ್ಕೆ ಹಿಡಿದುಕೊಂಡು ಬಂದು ಗ್ಯಾಫರ್ ಎದುರು ನಿಂತರು.

"ಇಷ್ಟು ವರ್ಷ ಎಲ್ಲಿ, ಎಷ್ಟು ಕೊಯ್ಯಬೇಕು ಅಂತ ನಾನು ಬೇರೆಯವರಿಗೆ ಹೇಳಿದ್ದೀನಿ. ಇವತ್ತು ನೀವು ನನಗೆ ಹೇಳಿ. ಕಿವಿ ನಿಮ್ಮದು, ಕೈ ನನ್ನದು" ಅಂತ ಇಂಗ್ಲಿಷಿನಲ್ಲಿ ಹೇಳಿದರು.

ಗ್ಯಾಫರ್ ಆ ಕೈಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಇವರನ್ನೂ ಕಾರಿನಲ್ಲಿ ಕೂರಿಸಿ ಇಳಿಸುತ್ತಾರೇನೋ ಅಂತ ನನಗೆ ಭಯವಾಯಿತು. ಬೇಡ ಅಂದುಬಿಟ್ಟರೆ ಎಲ್ಲ ಮುಗೀತು, ಕಾರೂ ಇಲ್ಲ, ಸ್ಕಾಟ್ಲೆಂಡೂ ಇಲ್ಲ. ಕೊನೆಗೆ ನನ್ನ ಕಡೆ ತಿರುಗಿ "ಇನ್ನು ಎತ್ತಬಹುದಾ?" ಅಂತ ಕೇಳಿದರು.

ನಾನು ಸ್ಕ್ರೂಡ್ರೈವರನ್ನು ಎತ್ತಿ ಕಣ್ಣಿಗೊತ್ತಿಕೊಂಡೆ. ಒಣಗಿದ ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹಿಡಿಯ ಸೀಳಿನಲ್ಲಿ ಸ್ವಲ್ಪ ಕೆಂಪು ಉಳಿಯಿತು. ಡಾಕ್ಟ್ರ ಕೈಗೆ ಕೊಟ್ಟೆ.

ರೇಡಿಯೋ ಆರಿತು. ಕೀತ್ ಎಂಜಿನ್ ಚಾಲೂ ಮಾಡಿದ. ಗ್ಯಾಫರ್ ಎಡಗೈಯಲ್ಲಿ ರಬ್ಬರ್ ಪೈಪು ಹಿಡಿದು ಕಿವಿಗಿಟ್ಟುಕೊಂಡು ಬಗ್ಗಿದರು. ಇನ್ನೊಂದು ತುದಿಯನ್ನು ಅವರು ಹೇಳಿದ ಕಡೆಗೆ ಕೀತ್ ಹಿಡಿದ. "ಬಲಕ್ಕೆ, ಒಂದು ಎಳೆ." ಡಾಕ್ಟ್ರ ಬೆರಳು ಅಲುಗಿದ್ದೇ ನನಗೆ ಕಾಣಲಿಲ್ಲ. "ಜಾಸ್ತಿಯಾಯ್ತು. ಅರ್ಧ ವಾಪಸ್." ಕೇಳಿದರು. "ಆ ಕಡೆಯದು." ಮತ್ತೆ ಕೇಳಿದರು. ನನಗೆ ಮೊದಲೂ ಕೊನೆಯೂ ಒಂದೇ ಸದ್ದು. ಗ್ಯಾಫರ್ ಕಣ್ಣು ಮುಚ್ಚಿದರು. "ಬಿಡು. ಕೈ ತೆಗಿ" ಅಂದರು. ಆಮೇಲೆ ತಲೆ ಆಡಿಸಿದರು. ನನಗೆ ಅಳು ತಡೆಯಲಿಲ್ಲ. ಗಿರಾಕಿ ಎದುರಿಗೇ ನಿಂತಿದ್ದರೂ ಅಭ್ಯಾಸದ ಮೇಲೆ ನನ್ನ ಕೈ ಫೋನಿನ ಕಡೆ ಹೋಗಿತ್ತು.

ಮೇಡಮ್ಮನ್ನು ಕಾರಿಗೆ ಇಳಿಸಲು ನಾನು ಒಂದು ಕಡೆ, ಡಾಕ್ಟ್ರು ಒಂದು ಕಡೆ. "ಅಯ್ಯ ನಿಮ್ಮ, ನನ್ನ ಏನ್ ಬಾವಿಗೆ ಇಳಸಾಕ ಹತ್ತೀರೇನು!" ಅಂತ ಬೈಯುತ್ತಲೇ ನಕ್ಕರು. ಹೊಸ ನಿಂಬೆಹಣ್ಣು ಇಟ್ಟೆ. ಪಚ್ ಅಂತ ಸದ್ದಾಗಿ ಹಸಿರು ಕಾರು ಬಾಗಿಲು ದಾಟಿ ಟಿವಿಡೇಲ್ ದಾರಿ ಹಿಡಿಯಿತು.

ಡಾಕ್ಟ್ರು ವಾಪಸ್ ಕೊಟ್ಟ ಸ್ಕ್ರೂಡ್ರೈವರನ್ನು ಗ್ಯಾಫರ್ ಕೀತ್‌ಗೆ ಕೊಟ್ಟರು. ಕೀತ್ ಅದನ್ನು ಎದೆಯ ಜೇಬಿಗೆ ಹಾಕಿಕೊಂಡು, ಮುಖ ತಿರುಗಿಸಿ, ವ್ಯಾನು ತರಲು ಹೊರಗೆ ಹೋದ.

ನಾನು ಬೆಂಚಿನ ಮೇಲೆ ಉಳಿದಿದ್ದ ಸ್ಪ್ಯಾನರುಗಳ ಕುಂಕುಮ ಒರೆಸುತ್ತಿದ್ದೆ. ಗ್ಯಾಫರ್ ಬಂದು ಎದುರು ನಿಂತರು. ಸ್ಕ್ರೂಡ್ರೈವರ್ ಇದ್ದ ಜಾಗದಲ್ಲಿ ತಮ್ಮ ಎರಡೂ ಕೈ ಚಾಚಿ ಇಟ್ಟರು.

"ಇವಕ್ಕೆ?" ಅಂದರು.

ಮನುಷ್ಯರಿಗೆ ಹಚ್ಚಬಹುದೋ ಇಲ್ಲವೋ, ಮಾಘವೋ ಪುಷ್ಯವೋ, ಯಾರನ್ನು ಕೇಳಲಿ? ಡ್ರಾಯರಿನಲ್ಲಿ ಸ್ಟೇಪ್ಲರ್ ಪಕ್ಕ ಇದ್ದ ಕುಂಕುಮದ ಭರಣಿ ತಂದೆ. ಎಡಗೈಗೆ ದುಂಡಗೆ ಬೊಟ್ಟು ಇಟ್ಟೆ. ಬಲಗೈಗೆ ಇಡಲು ಹೋದರೆ ಅದು ನನ್ನ ಬೆರಳಿನ ಕೆಳಗಿನಿಂದ ಜಾರಿ ಜಾರಿ ಹೋಯಿತು. ಬೊಟ್ಟು ಹೋಗಿ ಗೆರೆಯಾಯಿತು. ಮಣಿಕಟ್ಟು ಹಿಡಿದುಕೊಂಡು ಇನ್ನೊಮ್ಮೆ ಇಟ್ಟೆ. ಇನ್ನೊಂದು ಗೆರೆ.

"ಇರಲಿ ಬಿಡು, ಚೆನ್ನಾಗಿದೆ" ಅಂದರು. "ಎಷ್ಟು ದಿನ?"

ಒಂದು ದಿನ, ನಾಳೆ ಎತ್ತಿಕೊಳ್ಳಬೇಕು ಅಂತ ವರ್ಷ ವರ್ಷವೂ ಹೇಳಿದವಳು ನಾನು. ಭರಣಿಯ ಮುಚ್ಚಳ ಹಾಕಿದೆ. ನಾನೇನೋ ಉತ್ತರ ಕೊಟ್ಟ ಹಾಗೆ ಅವರು "ಸರಿ" ಅಂದರು.

ಹೊರಗೆ ವ್ಯಾನಿನ ಹಾರ್ನ್ ಕೇಳಿತು. ಗ್ಯಾಫರ್ ಎರಡೂ ಕೈಯನ್ನು ಎದೆ ಎತ್ತರಕ್ಕೆ, ಬೆಳಿಗ್ಗೆ ಡಾಕ್ಟ್ರು ಹಿಡಿದುಕೊಂಡಿದ್ದ ಹಾಗೆ ಹಿಡಿದುಕೊಂಡು ಬಾಗಿಲಿನ ತನಕ ನಡೆದರು. ಕುಂಕುಮ ಅಳಿಸಬಾರದು ಅಂತ ಬಾಗಿಲಿನ ಹಿಡಿಯನ್ನು ಮೊಣಕೈಯಿಂದ ಒತ್ತಿ, ಭುಜದಿಂದ ತಳ್ಳಿ ಹೊರಗೆ ಹೋದರು. ಆಚೆ ಕೀತ್ ಇಳಿದು ಬಂದು ವ್ಯಾನಿನ ಬಾಗಿಲು ತೆರೆದುಕೊಟ್ಟ.